ಬೆತ್ತ ಕೆಳಗಿಟ್ಟ ಕೈಗೆ ಏನು ಕೊಟ್ಟೆವು?

ಶಾಲೆಯಲ್ಲಿ ಮಗುವಿಗೆ ಹೊಡೆಯಬಹುದಾ, ಬಾರದಾ? ಇಷ್ಟು ಸರಳ ಪ್ರಶ್ನೆಗೂ ಈಗ ಜನ ಗೊಂದಲದಲ್ಲಿದ್ದಾರೆ. 2024ರಲ್ಲಿ ಛತ್ತೀಸ್‌ಗಢ ಹೈಕೋರ್ಟ್, ಶಿಸ್ತಿನ ಹೆಸರಿನಲ್ಲಿ ಮಗುವಿಗೆ ದೈಹಿಕ ಹಿಂಸೆ ಕೊಡುವುದು ಕ್ರೌರ್ಯ ಎಂದಿತು. 2025ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್, ಶಿಕ್ಷಕರ ಕೈಯಲ್ಲಿ ಬೆತ್ತ ಇರಲಿ, ಅದನ್ನು ಬಳಸಲೇಬೇಕೆಂದಿಲ್ಲ, ಕೈಯಲ್ಲಿ ಇದ್ದರೂ ಮಕ್ಕಳ ಮೇಲೆ ಪರಿಣಾಮ ಆಗುತ್ತದೆ ಎಂಬ ಅರ್ಥದ ಮಾತಾಡಿತು. ಎರಡೂ ಸುದ್ದಿ ಬೆಂಗಳೂರಿನ ಪೋಷಕರ ವಾಟ್ಸಾಪ್ ಗುಂಪುಗಳಿಗೂ ಬಂದವು, ಶಾಲೆಗಳ ಸ್ಟಾಫ್ ರೂಮಿಗೂ ಬಂದವು. ಓದಿದವರು ತಮಗೆ ಬೇಕಾದ್ದನ್ನು ಇಟ್ಟುಕೊಂಡರು. ‘ಬೆತ್ತ ಮತ್ತೆ ಬಂತು’ ಅಂದರು ಕೆಲವರು. ‘ಮಕ್ಕಳನ್ನು ಗದರಿದರೂ ಜೈಲು’ ಅಂದರು ಇನ್ನು ಕೆಲವರು.

ಎರಡೂ ಸರಿಯಲ್ಲ. ಕಾನೂನು ಏನು ಹೇಳುತ್ತದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ನಿಧಾನವಾಗಿ ನೋಡಿದರೆ ಗೊಂದಲದ ಬೇರು ಬೇರೆ ಕಡೆ ಇರುವುದು ಕಾಣುತ್ತದೆ. ಹೊಡೆಯಬೇಡಿ ಎಂದು ದೇಶ ತೀರ್ಮಾನಿಸಿ ಹದಿನೈದು ವರ್ಷ ದಾಟಿತು. ಹೊಡೆಯದೆ ಮೂವತ್ತು ಮಕ್ಕಳನ್ನು ನಡೆಸುವುದು ಹೇಗೆ ಎಂದು ಶಿಕ್ಷಕರಿಗೆ ಕಲಿಸುವ ಕೆಲಸ ಮಾತ್ರ ಅರ್ಧಕ್ಕೇ ನಿಂತಿದೆ.

ಎರಡು ಕೋರ್ಟು, ಎರಡು ಬೇರೆ ಪ್ರಶ್ನೆ

ಛತ್ತೀಸ್‌ಗಢದ ಪ್ರಕರಣದಲ್ಲಿ ಆರನೇ ಕ್ಲಾಸಿನ ಮಗುವೊಂದು ಆತ್ಮಹತ್ಯೆ ಮಾಡಿಕೊಂಡಿತ್ತು. ತನ್ನ ಮೇಲಿನ ಕೇಸು ರದ್ದು ಮಾಡಿ ಎಂದು ಶಿಕ್ಷಕಿ ಕೋರ್ಟಿಗೆ ಹೋಗಿದ್ದರು. ಕೋರ್ಟ್ ಒಪ್ಪಲಿಲ್ಲ. ಮಗು ಚಿಕ್ಕದು ಎಂದ ಮಾತ್ರಕ್ಕೆ ಅದರ ಘನತೆ ದೊಡ್ಡವರ ಘನತೆಗಿಂತ ಕಡಿಮೆ ಆಗುವುದಿಲ್ಲ ಎಂಬುದು ಆ ಆದೇಶದ ತಿರುಳು.

ಕೇರಳದ್ದು ಶಿಕ್ಷಕರೊಬ್ಬರ ನಿರೀಕ್ಷಣಾ ಜಾಮೀನಿನ ಅರ್ಜಿ. ಅಲ್ಲಿ ಕೋರ್ಟಿನ ಮುಂದಿದ್ದ ಪ್ರಶ್ನೆ, ದೂರು ಬಂದ ಕೂಡಲೇ ಶಿಕ್ಷಕರನ್ನು ಬಂಧಿಸಬೇಕಾ ಎಂಬುದು. ಮೊದಲು ಪ್ರಾಥಮಿಕ ವಿಚಾರಣೆ ಮಾಡಿ, ದೂರಿನಲ್ಲಿ ಹುರುಳಿದೆಯಾ ನೋಡಿ, ಆಮೇಲೆ ಕೇಸು ಹಾಕಿ ಎಂದು ಕೋರ್ಟ್ ಪೊಲೀಸರಿಗೆ ಹೇಳಿತು. ಬೆತ್ತದ ಮಾತು ಬಂದದ್ದು ಆ ಸಂದರ್ಭದಲ್ಲಿ. ಅದು ಮಕ್ಕಳಿಗೆ ಹೊಡೆಯಲು ಕೊಟ್ಟ ಪರವಾನಗಿ ಅಲ್ಲ. ಆ ಆದೇಶಕ್ಕೆ ಕಟ್ಟುಬೀಳಬೇಕಾದದ್ದು ಕೇರಳದ ಪೊಲೀಸರು. ಕರ್ನಾಟಕದಲ್ಲಿ ಅದನ್ನು ವಾದಕ್ಕೆ ಬಳಸಬಹುದು, ಅಷ್ಟೇ.

ಹಾಗಾದರೆ ಪ್ರಾಥಮಿಕ ವಿಚಾರಣೆ ಎಲ್ಲಿಂದ ಬಂತು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದರೆ ಪೊಲೀಸರು ಕೇಸು ಹೇಗೆ ನಡೆಸಬೇಕು ಎಂದು ಹೇಳುವ ಕಾನೂನಿನಲ್ಲಿ, ಇದಕ್ಕೆ ಜಾಗವಿದೆ. ಮೂರು ವರ್ಷದಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪೊಲೀಸರು ಪ್ರಾಥಮಿಕ ವಿಚಾರಣೆ ಮುಗಿಸಬಹುದು. ಇದು ಶಿಕ್ಷಕರಿಗೆಂದೇ ಮಾಡಿದ ನಿಯಮ ಅಲ್ಲ. ಆದರೂ ಅವರಿಗೆ ಅನ್ವಯಿಸುತ್ತದೆ. ನನಗಿದು ನ್ಯಾಯವಾಗಿಯೇ ಕಾಣುತ್ತದೆ. ಸುಳ್ಳು ದೂರಿನಿಂದ ಒಬ್ಬ ಶಿಕ್ಷಕಿಯ ಬದುಕು ಹಾಳಾಗಬಾರದು. ಹಾಗೆಯೇ 14 ದಿನ ಎನ್ನುವುದು ಪೋಷಕರನ್ನು ಸುಸ್ತು ಮಾಡಿ ರಾಜಿ ಮಾಡಿಸಲು ಸಿಕ್ಕ ಸಮಯವೂ ಆಗಬಾರದು.

ಹೊಡೆಯುವ ಪ್ರಶ್ನೆ ಎಂದೋ ಮುಗಿದಿದೆ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಾವೆಲ್ಲ ಆರ್‌ಟಿಇ ಎನ್ನುವ ಕಾಯ್ದೆ, ತನ್ನ 17ನೇ ಸೆಕ್ಷನ್‌ನಲ್ಲಿ ಎರಡು ವಿಷಯ ನಿಷೇಧಿಸಿದೆ. ಒಂದು ದೈಹಿಕ ಶಿಕ್ಷೆ. ಇನ್ನೊಂದು ಮಾನಸಿಕ ಕಿರುಕುಳ. ಎರಡನೆಯದನ್ನು ನಾವು ಮರೆಯುವುದೇ ಜಾಸ್ತಿ. ‘ನಿಮ್ಮಪ್ಪನ ಹಾಗೇ ದಡ್ಡ’ ಎಂದು ಇಡೀ ತರಗತಿಯ ಮುಂದೆ ಹೇಳುವುದು ಈ ಸೆಕ್ಷನ್‌ಗೆ ಹತ್ತಿರ ಬರುವ ಮಾತೇ.

ಇದಕ್ಕೂ ಮೊದಲು, 2000ದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಅಲ್ಲಿನ ಶಾಲಾ ನಿಯಮಗಳಲ್ಲಿ ಹೊಡೆಯಲು ಇದ್ದ ಅವಕಾಶವನ್ನು ರದ್ದು ಮಾಡಿತ್ತು. ಅಲ್ಲಿಯವರೆಗೆ ಅದು ರಾಜಧಾನಿಯಲ್ಲೇ ಬರಹದಲ್ಲಿದ್ದ ನಿಯಮ.

17ನೇ ಸೆಕ್ಷನ್‌ನ ದೌರ್ಬಲ್ಯ ಇರುವುದು ಅದರ ಎರಡನೇ ಭಾಗದಲ್ಲಿ. ನಿಯಮ ಮುರಿದ ಶಿಕ್ಷಕರ ಮೇಲೆ ‘ಸೇವಾ ನಿಯಮಗಳ ಪ್ರಕಾರ ಶಿಸ್ತು ಕ್ರಮ’ ಎಂದು ಹೇಳಿ ಅದು ಸುಮ್ಮನಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಸೇವಾ ನಿಯಮ ಗಟ್ಟಿ ಇದೆ. ನೋಟಿಸು, ಅಮಾನತು, ವಿಚಾರಣೆ ಎಲ್ಲ ಉಂಟು. ಆದರೆ ಎಷ್ಟೋ ಸಣ್ಣ ಖಾಸಗಿ ಶಾಲೆಗಳಲ್ಲಿ ಸೇವಾ ನಿಯಮ ಎಂದರೆ ಆಡಳಿತ ಮಂಡಳಿಯ ಮಾತು. ದೂರು ದೊಡ್ಡದಾದರೆ ಟೀಚರನ್ನು ಕೆಲಸದಿಂದ ತೆಗೆಯುತ್ತಾರೆ. ಅವರು ಮುಂದಿನ ತಿಂಗಳು ಇನ್ನೊಂದು ಬಡಾವಣೆಯ ಶಾಲೆ ಸೇರುತ್ತಾರೆ. ಹೊಡೆದದ್ದು ಯಾಕೆ, ಆ ತರಗತಿಯಲ್ಲಿ ಏನು ನಡೆಯುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಶಾಲೆಯೂ ಕಲಿಯುವುದಿಲ್ಲ, ಟೀಚರೂ ಕಲಿಯುವುದಿಲ್ಲ.

ಜೈಲಿನ ಮಾತು ಬರುವುದು ಇನ್ನೊಂದು ಕಾನೂನಿನಿಂದ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್, ಮಗುವಿನ ಮೇಲಿನ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತ ಸಂಸ್ಥೆಯ ಸಿಬ್ಬಂದಿಯೇ ಕ್ರೌರ್ಯ ಎಸಗಿದರೆ ಐದು ವರ್ಷ, 5 ಲಕ್ಷದವರೆಗೂ ಹೋಗಬಹುದು. ಗದರಿದ್ದಕ್ಕೆಲ್ಲ ಇದು ಬೀಳುವುದಿಲ್ಲ. ಮಗುವಿಗೆ ಅನಗತ್ಯವಾಗಿ ದೈಹಿಕ ಅಥವಾ ಮಾನಸಿಕ ನೋವು ಉಂಟುಮಾಡುವಂಥ ಹಲ್ಲೆ, ಹಿಂಸೆ ನಡೆದಿದೆ ಎಂದು ಸಾಬೀತಾಗಬೇಕು.

ಯಾವ ಮಗುವಿಗೆ ಯಾವ ಕಾನೂನು

ಬೆಂಗಳೂರಿನಲ್ಲಿ ಈ ವಿಷಯ ಇನ್ನಷ್ಟು ಸಿಕ್ಕು. ಆರ್‌ಟಿಇ ಕಾಯ್ದೆಯ ಲೆಕ್ಕದಲ್ಲಿ ಮಗು ಎಂದರೆ 6ರಿಂದ 14 ವರ್ಷದವರು. ಎಲ್‌ಕೆಜಿ, ಯುಕೆಜಿಯ ಪುಟಾಣಿಗಳು ಅದರ ಹೊರಗೆ ಉಳಿಯುತ್ತಾರೆ. ಸುಮ್ಮನೆ ಕೂರಲು ಎಲ್ಲರಿಗಿಂತ ಕಷ್ಟಪಡುವ ವಯಸ್ಸಿನವರೇ ಅವರು!

ಎರಡನೆಯದು, ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಮತಿ ಪ್ರಕರಣದಲ್ಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಧಾರ್ಮಿಕ ಅಲ್ಪಸಂಖ್ಯಾತರ ಶಾಲೆಗಳಷ್ಟೇ ಅಲ್ಲ, ಭಾಷಾ ಅಲ್ಪಸಂಖ್ಯಾತರ ಶಾಲೆಗಳೂ ಈ ನಗರದಲ್ಲಿ ಬೇಕಾದಷ್ಟಿವೆ. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಎತ್ತಿ, ದೊಡ್ಡ ಪೀಠಕ್ಕೆ ಹೋಗಬೇಕಾದ ವಿಷಯ ಎಂದಿತು.

ಹಾಗಂತ ಈ ಮಕ್ಕಳಿಗೆ ರಕ್ಷಣೆ ಇಲ್ಲ ಎಂದಲ್ಲ. ಬಾಲನ್ಯಾಯ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಇದೆ, ಯಾವ ಶಾಲೆಯಾದರೂ ಸರಿ. ತೊಂದರೆ ಏನೆಂದರೆ, ಅದು ದೊಡ್ಡ ಏಟಿಗೆ ಇರುವ ದೊಡ್ಡ ಕಾನೂನು. ದಿನನಿತ್ಯದ ಕಿವಿ ಹಿಂಡುವಿಕೆ, ಬಸ್ಕಿ, ಬಿಸಿಲಲ್ಲಿ ನಿಲ್ಲಿಸುವುದು, ಅವಮಾನದ ಮಾತು, ಇವಕ್ಕೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಯಾವ ತಾಯಿಗೆ ಮನಸ್ಸು ಬರುತ್ತದೆ?

ಶಿಕ್ಷಕರ ಕಷ್ಟ ನೆಪವಲ್ಲ

‘ಏಟಿಲ್ಲ, ಫೇಲಿಲ್ಲ, ಟಿಸಿ ಕೊಡೋ ಹಾಗಿಲ್ಲ. ಇನ್ನು ನಮ್ಮ ಮಾತು ಯಾಕೆ ಕೇಳ್ತಾರೆ?’ ಶಿಕ್ಷಕರಿಂದ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಇದರಲ್ಲಿ ಅರ್ಧ ಸತ್ಯ ಇದೆ.

ಆರ್‌ಟಿಇ ಕಾಯ್ದೆಯ 16ನೇ ಸೆಕ್ಷನ್ ಮೊದಲಿಗೆ ಎಂಟನೇ ತರಗತಿವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಬಾರದು ಎಂದಿತ್ತು. 2019ರ ತಿದ್ದುಪಡಿ, 5 ಮತ್ತು 8ನೇ ತರಗತಿಯಲ್ಲಿ ತಡೆಹಿಡಿಯುವ ಆಯ್ಕೆಯನ್ನು ಸರ್ಕಾರಗಳಿಗೆ ಬಿಟ್ಟಿತು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೇಂದ್ರೀಯ ವಿದ್ಯಾಲಯ, ನವೋದಯದಂಥ ತನ್ನ ಶಾಲೆಗಳಿಗೆ ಅದನ್ನು ಜಾರಿ ಮಾಡಿತು. ಆದರೆ ಇಷ್ಟೆಲ್ಲ ಬದಲಾದರೂ ಒಂದು ವಾಕ್ಯ ಹಾಗೇ ಉಳಿದಿದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ‘ನಿಮ್ಮ ಹುಡುಗ ತುಂಬಾ ಗಲಾಟೆ, ಟಿಸಿ ತಗೊಂಡು ಹೋಗಿ’ ಎಂದು ಮೂರನೇ ಕ್ಲಾಸಿನ ಪೋಷಕರಿಗೆ ಹೇಳುವ ಶಾಲೆ, ಈ ಕಾಯ್ದೆಗೆ ಒಳಪಟ್ಟಿದ್ದರೆ, ಕಾನೂನು ಮುರಿಯುತ್ತಿದೆ.

ಶಿಕ್ಷಕರ ನಿಜವಾದ ಕಷ್ಟ ಬೇರೆ ಕಡೆ ಇದೆ. ಕಾಯ್ದೆಯ ಅನುಸೂಚಿಯನ್ನು ತೆಗೆದು ನೋಡಿ. ಒಂದರಿಂದ ಐದನೇ ತರಗತಿವರೆಗೆ ಒಟ್ಟು 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ. ಕೇಳಲು 30ಕ್ಕೆ ಒಬ್ಬರು, ಚೆನ್ನಾಗಿದೆ. ಆದರೆ ತರಗತಿಗಳು ಐದು, ಶಿಕ್ಷಕರು ಇಬ್ಬರು. ಮಿಸ್ ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುವಾಗ, ಅದೇ ಕೋಣೆಯಲ್ಲಿರುವ ಐದನೇ ಕ್ಲಾಸಿನವರು ಏನು ಮಾಡಬೇಕು? ಕೊಟ್ಟ ಲೆಕ್ಕ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಹನ್ನೊಂದನೇ ನಿಮಿಷಕ್ಕೆ ಗಲಾಟೆ ಶುರು. ಅದನ್ನು ನಾವು ‘ಅಶಿಸ್ತು’ ಎಂದು ಕರೆಯುತ್ತೇವೆ. ಅದು ಹುಟ್ಟಿದ್ದು ಶಿಕ್ಷಕರ ಕೊರತೆಯಿಂದ.

ಇದರ ಮೇಲೆ ಸಮೀಕ್ಷೆ, ಚುನಾವಣೆ, ತರಬೇತಿ, ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವ ಕೆಲಸ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮನೆಮನೆ ಸುತ್ತಬೇಕಾಗಿ ಬಂದು, ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಬೇಕಾಯಿತು. ಸುಸ್ತಾದ ಮನುಷ್ಯನ ತಾಳ್ಮೆ ಬೇಗ ಮುಗಿಯುತ್ತದೆ. ತಾಳ್ಮೆ ಮುಗಿದ ಕಡೆ ಕೈ ಏಳುತ್ತದೆ. ಏಟಿಗೆ ಇದು ಸಮರ್ಥನೆ ಖಂಡಿತ ಅಲ್ಲ. ಏಟು ನಿಲ್ಲಿಸಬೇಕಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಮಾತ್ರ ಇದು ತೋರಿಸುತ್ತದೆ.

‘ಎರಡು ಬಿಟ್ಟು ಬುದ್ಧಿ ಹೇಳಿ ಸಾರ್’

ಪೋಷಕರು ಒಂದೇ ದನಿಯವರಲ್ಲ. ಒಂದು ಕೆಂಪು ಗೆರೆ ಕಂಡರೂ ಫೋಟೊ ತೆಗೆದು ಗುಂಪಿಗೆ ಹಾಕುವವರಿದ್ದಾರೆ. ‘ಎರಡು ಬಿಟ್ಟು ಬುದ್ಧಿ ಹೇಳಿ ಸಾರ್, ನಾವೇನೂ ಕೇಳಲ್ಲ’ ಎಂದು ಕೈಮುಗಿದು ಹೇಳಿಹೋಗುವವರೂ ಇದ್ದಾರೆ. ಎರಡನೆಯವರನ್ನು ತಿಳಿವಳಿಕೆ ಇಲ್ಲದವರು ಎಂದು ತಳ್ಳಿಹಾಕುವುದು ತಪ್ಪು. ಪೀಣ್ಯದ ಕಾರ್ಖಾನೆಗೋ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೋ ಬೆಳಗ್ಗೆ ಹೋಗಿ ರಾತ್ರಿ ಬರುವ ತಾಯಿಗೆ, ಮಗ ದಾರಿ ತಪ್ಪಿದರೆ ಎನ್ನುವ ಭಯ ಇದೆ. ತಾನು ಮನೆಯಲ್ಲಿ ಇಲ್ಲದ ಹೊತ್ತಿಗೆ ಮೇಷ್ಟ್ರ ಕೋಲಾದರೂ ಇರಲಿ ಎಂಬುದು ಆ ಭಯದ ಮಾತು.

ಆದರೆ ಪೋಷಕರು ಒಪ್ಪಿದರೆ ಹೊಡೆಯಬಹುದಾ? ಹಳೆಯ ದಂಡ ಸಂಹಿತೆಯಲ್ಲಿ, 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕಾಗಿ ಪೋಷಕರ ಒಪ್ಪಿಗೆಯಿಂದ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ವಿನಾಯಿತಿ ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಶಿಕ್ಷಕರ ಪರ ವಕೀಲರು ಹಿಡಿಯುವ ಎಳೆ ಇದು. ಕೆಲವು ಕೋರ್ಟುಗಳು ಒಪ್ಪಿದ್ದೂ ಉಂಟು. ಅದು ಕ್ರಿಮಿನಲ್ ಕೇಸಿನಲ್ಲಿ ರಕ್ಷಣೆ ಕೊಡಬಹುದು. ಆರ್‌ಟಿಇಯ 17ನೇ ಸೆಕ್ಷನ್‌ನಲ್ಲಿ ಮಾತ್ರ ಒಪ್ಪಿಗೆ, ಸದುದ್ದೇಶ ಎಂಬ ಕಿಟಕಿಗಳಿಲ್ಲ. ಹೀಗಾಗಿ ಒಬ್ಬ ಶಿಕ್ಷಕರು ಕೋರ್ಟಿನಲ್ಲಿ ಬಿಡುಗಡೆಯಾಗಿ, ಇಲಾಖೆಯಲ್ಲಿ ಶಿಕ್ಷೆಗೆ ಒಳಗಾಗುವುದು ಸಾಧ್ಯ. ಸುದ್ದಿ ಓದುವವರಿಗೆ ಗೊಂದಲ ಆಗುವುದು ಇಂಥ ಕಡೆಯೇ.

ಏಟು ಏನು ಕಲಿಸುತ್ತದೆ

ಕನ್ನಡದಲ್ಲಿ ಶಿಕ್ಷಕ, ಶಿಕ್ಷಣ, ಶಿಕ್ಷೆ ಮೂರೂ ಒಂದೇ ಬೇರಿನ ಪದಗಳು. ಮೂಲದಲ್ಲಿ ಶಿಕ್ಷೆ ಎಂದರೆ ಕಲಿಕೆಯೇ. ನಮ್ಮ ಬಾಯಲ್ಲಿ ಅದು ದಂಡನೆ ಆಯಿತು. ಕೂಲಿಮಠದ ಕಾಲದ ಕೋದಂಡ, ಬೆತ್ತ, ಬಸ್ಕಿಗಳ ನೆನಪು ಆ ಒಂದು ಪದದಲ್ಲಿ ಇನ್ನೂ ಕೂತಿದೆ.

‘ನಾವೂ ಏಟು ತಿಂದೇ ಬೆಳೆದೋರು, ಏನಾಯ್ತು?’ ಎನ್ನುವವರಿಗೆ ಉತ್ತರ ಹೇಳಬೇಕಾದರೆ ಏಟಿನ ಕೆಲಸವನ್ನು ಹಂತ ಹಂತವಾಗಿ ನೋಡಬೇಕು. ಮೊದಲ ಹಂತದಲ್ಲಿ ಅದು ಗೆಲ್ಲುತ್ತದೆ. ಹೊಡೆದ ಕ್ಷಣಕ್ಕೆ ಗಲಾಟೆ ನಿಲ್ಲುತ್ತದೆ. ಅದಕ್ಕೇ ಶಿಕ್ಷಕರಿಗೆ ಅದು ‘ಕೆಲಸ ಮಾಡುತ್ತೆ’ ಅನಿಸುತ್ತದೆ. ಆದರೆ ಪಕ್ಕದವನ ಪೆನ್ಸಿಲ್ ಕಿತ್ತುಕೊಂಡ ಮಗುವಿಗೆ, ಪೆನ್ಸಿಲ್ ಬೇಕಾದಾಗ ಹೇಗೆ ಕೇಳಬೇಕು ಎಂಬುದು ಏಟಿನಿಂದ ತಿಳಿಯುವುದಿಲ್ಲ. ಮಿಸ್ ನೋಡುವಾಗ ಕಿತ್ತುಕೊಳ್ಳಬಾರದು ಎಂಬುದಷ್ಟೇ ತಿಳಿಯುತ್ತದೆ. ಮುಂದಿನ ಸಲ ಅದು ಬಚ್ಚಿಟ್ಟುಕೊಂಡು ಕಿತ್ತುಕೊಳ್ಳುತ್ತದೆ. ಸಿಕ್ಕಿಬಿದ್ದರೆ ಸುಳ್ಳು ಹೇಳುತ್ತದೆ. ಅಲ್ಲಿಗೆ ಒಂದು ತಪ್ಪು ಎರಡಾಯಿತು. ಜೊತೆಗೆ, ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಎಂಬ ಪಾಠ ಆಟದ ಮೈದಾನಕ್ಕೆ ಇಳಿಯುತ್ತದೆ. ಐದನೇ ಕ್ಲಾಸಿನವನು ಎರಡನೇ ಕ್ಲಾಸಿನವನಿಗೆ ಅದನ್ನು ಕಲಿಸುತ್ತಾನೆ.

2016ರಲ್ಲಿ ಅಮೆರಿಕದ ಸಂಶೋಧಕಿ ಎಲಿಜಬೆತ್ ಗರ್ಶಾಫ್ ಮತ್ತು ಸಹೋದ್ಯೋಗಿ, ಮನೆಯಲ್ಲಿ ಮಕ್ಕಳಿಗೆ ಹೊಡೆಯುವ ಬಗ್ಗೆ ನಡೆದ 75 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟು 1,60,000ಕ್ಕೂ ಹೆಚ್ಚು ಮಕ್ಕಳ ಲೆಕ್ಕ. ಏಟು ಜಾಸ್ತಿಯಾದಷ್ಟೂ ಮಕ್ಕಳಲ್ಲಿ ಸಿಟ್ಟು, ಹಟ, ಮನಸ್ಸಿನ ತೊಂದರೆಗಳು ಹೆಚ್ಚಿದ್ದವು. ಭಾರತದಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮಕ್ಕಳಲ್ಲಿ 65 ಶೇಕಡಾ ಮಂದಿ ತಮಗೆ ಶಾಲೆಯಲ್ಲಿ ದೈಹಿಕ ಶಿಕ್ಷೆ ಆಗಿದೆ ಎಂದಿದ್ದರು. ಮೂವರಲ್ಲಿ ಇಬ್ಬರು. ಏಟಿನಿಂದ ಶಿಸ್ತು ಬರುವುದಾಗಿದ್ದರೆ ಇಷ್ಟೊತ್ತಿಗೆ ನಮ್ಮದು ಶಿಸ್ತಿನ ದೇಶ ಆಗಿರಬೇಕಿತ್ತು, ಅಲ್ವಾ?

ನಲ್ಲಿಯ ಮುಂದೆ

ಶಿಸ್ತು ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೆಡುತ್ತದೆ ಎಂದು ನೋಡಲು ಬಿಸಿಯೂಟದ ಹೊತ್ತು ಒಳ್ಳೆಯ ಜಾಗ. ಒಂದು ಸರ್ಕಾರಿ ಶಾಲೆ ಎಂದುಕೊಳ್ಳಿ. 90 ಮಕ್ಕಳು, ಕೈ ತೊಳೆಯಲು ಎರಡು ನಲ್ಲಿ. ಗಂಟೆ ಹೊಡೆಯಿತು. ಎಲ್ಲರೂ ತಟ್ಟೆ ಹಿಡಿದು ಒಟ್ಟಿಗೇ ಓಡಿದರು. ಒಬ್ಬರಿಗೆ ಅರ್ಧ ನಿಮಿಷ ಎಂದರೂ ಕೊನೆಯ ಮಗುವಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಕಾಯಬೇಕು. ಹೊಟ್ಟೆ ಹಸಿದಿದೆ. ಸಾರಿನ ವಾಸನೆ ಬರುತ್ತಿದೆ. ಏಳು ವರ್ಷದ ಮಗು ಏನು ಮಾಡುತ್ತದೆ? ನುಗ್ಗುತ್ತದೆ. ಯಾರೋ ಜಾರಿ ಬೀಳುತ್ತಾರೆ. ಯೂನಿಫಾರ್ಮ್ ಒದ್ದೆ ಆಗುತ್ತದೆ. ಯಾರೋ ಯಾರಿಗೋ ತಟ್ಟೆಯಲ್ಲಿ ಬಡಿಯುತ್ತಾರೆ. ಸರ್ ಬಂದು ಸಿಕ್ಕಿದವರಿಗೆ ಎರಡು ಕೊಡುತ್ತಾರೆ. ನಾಳೆಯೂ ಇದೇ ನಡೆಯುತ್ತದೆ, ಯಾಕೆಂದರೆ ನಾಳೆಯೂ ನಲ್ಲಿ ಎರಡೇ.

ಈಗ ಅದೇ ಶಾಲೆಯಲ್ಲಿ ಒಂದು ಬದಲಾವಣೆ ಮಾಡಿ. ಒಂದು, ಎರಡನೇ ತರಗತಿಯವರಿಗೆ ಹತ್ತು ನಿಮಿಷ ಮೊದಲೇ ಊಟ. ನಲ್ಲಿಯ ಮುಂದೆ ನೆಲದ ಮೇಲೆ ಬಣ್ಣದಲ್ಲಿ ಪಾದದ ಗುರುತು, ಎಲ್ಲಿ ನಿಲ್ಲಬೇಕು ಎಂದು ತಿಳಿಯಲು. ಜೂನ್ ತಿಂಗಳ ಮೊದಲ ವಾರ ಪಾಠದ ಜೊತೆಗೆ ಸಾಲಿನಲ್ಲಿ ನಿಂತು ಕೈ ತೊಳೆಯುವುದನ್ನೂ ಅಭ್ಯಾಸ ಮಾಡಿಸಿ, ಮಗ್ಗಿ ಹೇಳಿಸಿದ ಹಾಗೆ. ಎಲ್ಲ ಜಗಳ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಿಯಮವನ್ನು ಮೊದಲು ಕಲಿಸಿ, ಆಮೇಲೆ ನಿರೀಕ್ಷಿಸುವುದು ಎಂದರೆ ಇದೇ. ಸಾಲಿನಲ್ಲಿ ನಿಲ್ಲುವುದು ಕೂಡ ಕೂಡುವುದು ಕಳೆಯುವುದರ ಹಾಗೆ ಒಂದು ಕಲಿಕೆ. ಲೆಕ್ಕ ಬಾರದಿದ್ದರೆ ಮತ್ತೆ ಹೇಳಿಕೊಡುತ್ತೇವೆ. ಸಾಲು ಬಾರದಿದ್ದರೆ ಯಾಕೆ ಹೊಡೆಯುತ್ತೇವೆ?

ಬೋರ್ಡಿನ ಮೂಲೆಯ ಹೆಸರುಗಳು

ಕ್ಲಾಸ್ ಲೀಡರ್ ಸೀಮೆಸುಣ್ಣ ಹಿಡಿದು ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು, ಕೆಳಗೆ ಹೆಸರು ಪಟ್ಟಿ ಮಾಡುವುದು ನಮಗೆಲ್ಲ ಗೊತ್ತು. ಮತ್ತೆ ಮಾತಾಡಿದರೆ ಹೆಸರಿನ ಪಕ್ಕ ಒಂದು ಗುಣಾಕಾರದ ಗುರುತು. ಆ ಪಟ್ಟಿಯಲ್ಲಿ ದಿನಾ ಬರುವ ಹೆಸರುಗಳು ಯಾರವು ಎಂದು ಶಾಲೆಗಳು ಒಂದು ತಿಂಗಳು ಬರೆದಿಟ್ಟು ನೋಡಬೇಕು. ಬಹಳ ಸಂಗತಿ ಅಲ್ಲಿ ಸಿಗುತ್ತದೆ.

ಬೋರ್ಡು ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುವ ಮಗು ‘ಮಾತಾಡಿದವನು’. ಅದಕ್ಕೆ ಬೇಕಾದದ್ದು ಕನ್ನಡಕ. ಒಂದು ಕಡೆ ಐದು ನಿಮಿಷ ಕೂರಲಾಗದ ಮಗುವಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ ಇರಬಹುದು. ನಿಮ್ಹಾನ್ಸ್ ಈ ಊರಲ್ಲೇ ಇದೆ, ಅಲ್ಲಿ ಮಕ್ಕಳಿಗೆಂದೇ ವಿಭಾಗ ಇದೆ. ಆದರೂ ಎಷ್ಟೋ ಮಕ್ಕಳಿಗೆ ಮೊದಲು ಸಿಗುವುದು ‘ತರಲೆ’ ಎಂಬ ಹೆಸರು. ಯಾದಗಿರಿಯಿಂದಲೋ ಆಂಧ್ರ, ಬಿಹಾರದಿಂದಲೋ ಕಟ್ಟಡ ಕೆಲಸಕ್ಕೆ ಬಂದವರ ಮಗು ವರ್ಷದ ನಡುವೆ ಶಾಲೆ ಸೇರುತ್ತದೆ. ಮನೆಯಲ್ಲಿ ತೆಲುಗೋ ಹಿಂದಿಯೋ ಆಡುವ ಮಗುವಿಗೆ ‘ಪುಸ್ತಕ ಮುಚ್ಚಿ, ಕೈ ಕಟ್ಟಿ’ ಎಂದರೆ ತಿಳಿಯುವುದಿಲ್ಲ. ‘ಹೇಳಿದ ಮಾತು ಕೇಳಲ್ಲ’ ಎಂದು ನಾವು ಬರೆಯುತ್ತೇವೆ.

ಜಾತಿಯ ಮಾತನ್ನೂ ಬಿಡುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು. ಅದೇ ತಿಂಗಳು ಬೆಂಗಳೂರಿನ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ವಿಡಿಯೊ ಹೊರಬಂತು. ‘ಕೆಲಸ ಕಲಿತರೆ ತಪ್ಪೇನು, ಜಪಾನಿನಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ’ ಎಂಬ ವಾದವೂ ಆಗ ಕೇಳಿಬಂತು. ವ್ಯತ್ಯಾಸ ಇರುವುದು ಇಷ್ಟು: ಎಲ್ಲ ಮಕ್ಕಳೂ ಸರದಿಯಲ್ಲಿ ತಮ್ಮ ಕೋಣೆ ಗುಡಿಸಿದರೆ ಅದು ಹೊಣೆಗಾರಿಕೆ. ಆಯ್ದ ಮಕ್ಕಳಿಗೆ, ಅದೂ ಶಿಕ್ಷೆ ಎಂದು, ಮಲ ತೊಳೆಯಲು ಹಚ್ಚಿದರೆ ಅದು ಅವಮಾನ. ಈ ನೆಲದಲ್ಲಿ ಆ ಕೆಲಸವನ್ನು ಯಾರ ತಲೆಗೆ ಕಟ್ಟಿದ್ದಾರೆ ಎಂದು ಎಲ್ಲರಿಗೂ ಗೊತ್ತಿರುವಾಗ, ಅದು ಜಾತಿಯ ಅವಮಾನವೂ ಹೌದು.

ಕೈ ಎತ್ತದೆ ಕೊಡುವ ಶಿಕ್ಷೆಗಳು

ಬೆತ್ತ ಹೋದ ಕಡೆ ಬೇರೆ ರೂಪದ ಶಿಕ್ಷೆ ಬಂದಿದೆ. ಗಾಯ ಕಾಣುವುದಿಲ್ಲ, ಹಾಗಾಗಿ ದೂರೂ ಕಡಿಮೆ. 8.30ಕ್ಕೆ ಗೇಟು ಮುಚ್ಚುತ್ತದೆ. ಸಿಲ್ಕ್ ಬೋರ್ಡಿನಲ್ಲಿ ವ್ಯಾನು ಸಿಕ್ಕಿಕೊಂಡರೆ ಎಂಟು ವರ್ಷದ ಹುಡುಗಿ ಮೊದಲ ಪೀರಿಯಡ್ ಪೂರ್ತಿ ಗೇಟಿನ ಪಕ್ಕ ನಿಲ್ಲಬೇಕು. ಟ್ರಾಫಿಕ್ಕಿಗೆ ಅವಳೇನು ಮಾಡಬೇಕು? ಫೀಸು ಬಾಕಿ ಇದ್ದರೆ ಮಗುವನ್ನು ಲೈಬ್ರರಿಯಲ್ಲಿ ಕೂರಿಸುವುದು, ಪರೀಕ್ಷೆಗೆ ಬಿಡದಿರುವುದು ಇನ್ನೊಂದು. ತಪ್ಪು ಮಾಡದವರಿಗೆ ಶಿಕ್ಷೆ ಕೊಟ್ಟು ಅಪ್ಪನಿಂದ ದುಡ್ಡು ವಸೂಲು ಮಾಡುವ ದಾರಿ ಇದು. ಮಾನಸಿಕ ಕಿರುಕುಳ ಎಂಬ ಪದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ.

ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಶಾಲೆಗಳ ಸುದ್ದಿ ಇದೇ ನಗರದಿಂದ ಮತ್ತೆ ಮತ್ತೆ ಬರುತ್ತದೆ. ಮಗು ಬಿದ್ದು ಮಂಡಿ ತರಚಿಕೊಂಡಾಗ ಬಾಯಿಂದ ಬರುವುದು ‘ಅಮ್ಮಾ’ ಎಂದೇ. ಅದಕ್ಕೂ ಹತ್ತು ರೂಪಾಯಿ ಕಟ್ಟಬೇಕು ಎನ್ನುವುದು ಶಿಸ್ತು ಹೇಗಾಗುತ್ತದೆ?

ನಲಿ-ಕಲಿ ತೋರಿಸಿದ ದಾರಿ

ಬೇರೆ ದಾರಿ ಇಲ್ಲವೇ ಎಂದರೆ, ನಮ್ಮ ರಾಜ್ಯದಲ್ಲೇ ಇದೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಸರ್ಕಾರಿ ಶಾಲಾ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿಬಂದು, ಯುನಿಸೆಫ್ ಬೆಂಬಲದಿಂದ ಶುರು ಮಾಡಿದ್ದು ನಲಿ-ಕಲಿ. ಮುಂದೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು.

ನಲಿ-ಕಲಿ ಕೋಣೆಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಅವರೇ ಮಾಡಿದ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಅವರ ಕೈಗೆ ಎಟಕುವ ಕರಿಹಲಗೆ. ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿ ಇದ್ದೇನೆ ಎಂದು ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳಬೇಕು. ಒಂದು ಗುಂಪಿಗೆ ಶಿಕ್ಷಕಿ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದು ಗುಂಪಿನಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ನೆರವಾಗುತ್ತಾರೆ, ಮತ್ತೊಂದರಲ್ಲಿ ತಾವೇ ಕಲಿಯುತ್ತಾರೆ. ಅಲ್ಲಿ ಸದ್ದು ಇರುತ್ತದೆ. ಆದರೆ ಅದು ಕೆಲಸದ ಸದ್ದು. ಸಂತೆಗೂ ಅಡುಗೆಮನೆಗೂ ಇರುವಷ್ಟು ವ್ಯತ್ಯಾಸ.

ಶಿಸ್ತಿನ ದೃಷ್ಟಿಯಿಂದ ಇದರ ಗುಟ್ಟು ಏನು? ಮಗುವಿಗೆ ಖಾಲಿ ಕೂರುವ ಹೊತ್ತೇ ಸಿಗುವುದಿಲ್ಲ. ಮುಂದಿನ ಕೆಲಸ ಏನು ಎಂದು ಕೇಳದೆ ತಿಳಿಯುತ್ತದೆ. ಇದಕ್ಕೂ ತೊಡಕುಗಳಿವೆ. ಕಾರ್ಡು ಹರಿದುಹೋದರೆ, ಮಕ್ಕಳು ಜಾಸ್ತಿಯಾದರೆ, ತರಬೇತಿ ಇಲ್ಲದ ಅತಿಥಿ ಶಿಕ್ಷಕರ ಕೈಗೆ ಬಂದರೆ ಅದೂ ಸಂತೆಯೇ ಆಗುತ್ತದೆ. ಜೊತೆಗೆ ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಮಗು ಮತ್ತೆ ಸಾಲು ಬೆಂಚು, ‘ಕೈ ಕಟ್ಟಿ ಬಾಯ್ ಮುಚ್ಚಿ’ಗೆ ಬರುತ್ತದೆ. ಮೂರು ವರ್ಷ ಎದ್ದು ಓಡಾಡಿ ಕಲಿತ ಮಗುವಿಗೆ, ಏಳಬಾರದು ಎಂಬುದು ಯಾರೂ ಕಲಿಸದ ಹೊಸ ನಿಯಮ. ನಾಲ್ಕನೇ ತರಗತಿಯ ಶಿಕ್ಷಕರು ‘ಇವರಿಗೆ ಶಿಸ್ತೇ ಇಲ್ಲ’ ಎಂದರೆ, ಆ ಮಾತಿನ ಹಿಂದೆ ಇದೂ ಇದೆ.

ಮುಂದೆ ಏನಾಗಬಹುದು

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಬೆಂಗಳೂರಿನ ದೊಡ್ಡ ಫೀಸಿನ ಶಾಲೆಗಳಿಗೆ ಇದು ಕಷ್ಟವಲ್ಲ. ಬಡಾವಣೆಯ ಸಣ್ಣ ಶಾಲೆಗಳಲ್ಲಿ, ಸರ್ಕಾರಿ ಶಾಲೆಗಳಲ್ಲಿ ಇದು ಹೇಗೆ ಆಗುತ್ತದೆ ಎಂಬುದೇ ಮುಖ್ಯ. ಇರುವ ಟೀಚರಿಗೇ ಒಂದು ದಿನದ ತರಬೇತಿ ಕೊಟ್ಟು ‘ಕೌನ್ಸೆಲರ್’ ಎಂದು ಫಲಕ ಹಾಕಿದರೆ, ಕಾಗದದಲ್ಲಿ ನಿಯಮ ಪಾಲನೆ ಆಗುತ್ತದೆ, ಮಗುವಿನ ಪಾಡು ಹಾಗೇ ಇರುತ್ತದೆ.

ಪ್ರಾಥಮಿಕ ವಿಚಾರಣೆ ರೂಢಿಯಾದರೆ ಶಿಕ್ಷಕರ ಭಯ ಸ್ವಲ್ಪ ಕಡಿಮೆಯಾಗುತ್ತದೆ. ಅದು ಒಳ್ಳೆಯದೇ. ಭಯಬಿದ್ದ ಶಿಕ್ಷಕರು ಈಗ ಮಾಡುತ್ತಿರುವುದು ಇನ್ನೊಂದು ಬಗೆಯ ಹಾನಿ. ‘ನಮಗ್ಯಾಕೆ ಬೇಕು’ ಎಂದು ಮಗುವನ್ನು ತಿದ್ದುವುದನ್ನೇ ಬಿಟ್ಟುಬಿಡುತ್ತಾರೆ. ಹೊಡೆಯುವುದು ಒಂದು ತುದಿ, ಕೈಬಿಡುವುದು ಇನ್ನೊಂದು ತುದಿ.

ಪೋಷಕರು ಮಾಡಬಹುದಾದ್ದು ಕೈಗೆಟಕುವಷ್ಟು ಹತ್ತಿರದಲ್ಲಿದೆ. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಆರ್‌ಟಿಇ ಪ್ರಕಾರ ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಭೆಯಲ್ಲಿ ಕಟ್ಟಡ, ಬಣ್ಣ, ಧ್ವಜದ ಕಂಬದ ಮಾತಿನ ಜೊತೆಗೆ ಮೂರು ಪ್ರಶ್ನೆ ಕೇಳಬಹುದು. ನಮ್ಮ ಶಾಲೆಯಲ್ಲಿ ಮಕ್ಕಳು ಪಾಲಿಸಬೇಕಾದ ನಿಯಮಗಳು ಯಾವುವು? ಅವನ್ನು ಯಾವಾಗ, ಹೇಗೆ ಕಲಿಸುತ್ತೀರಿ? ತಪ್ಪಿದರೆ ಏನು ಮಾಡುತ್ತೀರಿ? ಖಾಸಗಿ ಶಾಲೆಯಲ್ಲಿ ಅಡ್ಮಿಷನ್ ದಿನವೇ ಇವನ್ನು ಕೇಳಬಹುದು. ಕಟ್ಟಡ ತೋರಿಸುವಷ್ಟೇ ಉತ್ಸಾಹದಿಂದ ಇದಕ್ಕೂ ಉತ್ತರ ಬರುತ್ತದಾ ಎಂದು ಗಮನಿಸಿ.

ಏಟು ಬಿದ್ದೇ ಬಿಟ್ಟರೆ ಮೊದಲು ಹೆಡ್‌ಮಾಸ್ಟರಿಗೆ ಬರೆದು ಕೊಡಿ, ಬಾಯಿಮಾತು ಸಾಲದು. ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ. ಆರ್‌ಟಿಇ ಅಡಿ ಕೊಟ್ಟ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಇದೆ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಮಗುವೇ ಮಾಡಬಹುದು. ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಶಿಕ್ಷಕರೂ ಅದೇ ನಂಬರಿಗೆ ಕರೆ ಮಾಡಬಹುದು.